ಅತ್ತಿಮರದ ಮುಂದೆ ಇಪ್ಪತ್ತು ನಿಮಿಷ

ಕಾಡುಹಾದಿಯ ನಡಿಗೆ ಕೆಡುವುದು ಗೈಡ್‌ಗೆ ಕಡಿಮೆ ಗೊತ್ತಿದ್ದಾಗಲ್ಲ, ಗೊತ್ತಿದ್ದದ್ದನ್ನೆಲ್ಲ ಹೇಳಲು ಹೊರಟಾಗ. ಮರ ಕಂಡಲ್ಲೆಲ್ಲ ನಿಂತು ಹೆಸರು, ವೈಜ್ಞಾನಿಕ ಹೆಸರು, ಕುಟುಂಬ ಎಂದು ಒಪ್ಪಿಸುತ್ತ ಹೋದರೆ ಮೂರನೇ ಮರದ ಹೊತ್ತಿಗೆ ಹಿಂದಿದ್ದವರ ಕೈಗೆ ಫೋನ್ ಬಂದಿರುತ್ತದೆ. ಅವರನ್ನು ದೂರುವ ಹಾಗಿಲ್ಲ. ಪರೀಕ್ಷೆ ಬರೆಯಬೇಕಾದವನು ಬೇಸರವಾದರೂ ಕೂತು ಕೇಳುತ್ತಾನೆ. ರಜೆ ಕಳೆಯಲು ಬಂದವನು ಯಾಕೆ ಕೇಳಬೇಕು? ಪ್ರಕೃತಿ ನಿರೂಪಣೆಯ ಬಗ್ಗೆ, ಅಂದರೆ ನೋಡಲು ಬಂದವರಿಗೆ ಪ್ರಕೃತಿಯನ್ನು ಮನಮುಟ್ಟುವಂತೆ ಹೇಳುವ ಕಲೆಯ ಬಗ್ಗೆ, ದಶಕಗಳಿಂದ ಬರೆದ, ಕಲಿಸಿದ ಸ್ಯಾಮ್ ಹ್ಯಾಮ್ ಈ ವ್ಯತ್ಯಾಸವನ್ನೇ ಬುನಾದಿಯಾಗಿ ಇಟ್ಟುಕೊಳ್ಳುತ್ತಾರೆ.

ಅವರಿಂದ ನಾನು ಕಲಿತ ದೊಡ್ಡ ಪಾಠ: ವಿಷಯ ಬೇರೆ, ಥೀಮ್ ಬೇರೆ. 'ಅತ್ತಿಮರ' ಎನ್ನುವುದು ವಿಷಯ. ಥೀಮ್ ಎಂದರೆ ಆ ವಿಷಯದ ಬಗ್ಗೆ ಹೇಳಹೊರಟ ಒಂದೇ ಮಾತು; ಅದು ಪೂರ್ತಿ ವಾಕ್ಯವಾಗಿರಬೇಕು, ಕ್ರಿಯಾಪದದ ಸಮೇತ. ನನ್ನದು ಹೀಗಿದೆ: 'ಈ ಮರ ತನ್ನ ಹೂವನ್ನೆಲ್ಲ ಒಳಗೆ ಬಚ್ಚಿಟ್ಟು, ಕೀಲಿಯನ್ನು ಒಂದು ಕಣಜದ ಹುಳಕ್ಕೆ ಕೊಟ್ಟಿದೆ.' ವೃತ್ತಿಯಿಂದ ನಾನು ಲೆಕ್ಕಪತ್ರ ತಪಾಸಣೆಯವಳು, ಕೆಂಪು ಪೆನ್ನು ಹಿಡಿದೇ ಬದುಕು. ಹಾಗಾಗಿ ಈ ವಾಕ್ಯಕ್ಕೆ ಸಂಬಂಧಪಡದ್ದನ್ನು ಹೊಡೆದುಹಾಕುವುದು ನನಗೆ ಕಷ್ಟವಾಗಲಿಲ್ಲ, ನಿಜ ಹೇಳಬೇಕೆಂದರೆ ಖುಷಿಯಾಯಿತು. ತೊಗಟೆಯ ಉಪಯೋಗ ಹೋಯಿತು. ಹಣ್ಣಿಗೆ ಬರುವ ಹಕ್ಕಿಗಳ ಪಟ್ಟಿ ಹೋಯಿತು. ಯಾರಾದರೂ ಕೇಳಿದರೆ ಹೇಳುತ್ತೇನೆ, ಕೇಳದಿದ್ದರೆ ಇಲ್ಲ.

ಉಳಿದದ್ದು ಒಂದು ಕಾಯಿ. ಕೀಳುವುದಿಲ್ಲ, ಬಿದ್ದದ್ದನ್ನು ಹೆಕ್ಕುತ್ತೇನೆ. 'ಈ ಮರದ ಹೂ ಯಾರಾದರೂ ನೋಡಿದ್ದೀರಾ?' ಎಂದು ಕೇಳಿ ಸುಮ್ಮನಾಗುತ್ತೇನೆ. ಹೀಗೆ ಸುಮ್ಮನಾಗುವುದು ಹೇಳಿದಷ್ಟು ಸುಲಭವಲ್ಲ. ತರಗತಿಗಳಲ್ಲಿ ಶಿಕ್ಷಕರು ಪ್ರಶ್ನೆ ಕೇಳಿದ ಮೇಲೆ ಸರಾಸರಿ ಒಂದು ಸೆಕೆಂಡಿನಷ್ಟೇ ಕಾಯುತ್ತಾರೆ, ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಉತ್ತರಗಳು ಉದ್ದವಾಗುತ್ತವೆ, ಬಾಯಿ ಬಿಡದ ಮಕ್ಕಳೂ ಮಾತಾಡುತ್ತಾರೆ ಎಂದು ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ತೋರಿಸಿಕೊಟ್ಟರು. ನಾನು ಮನಸ್ಸಿನಲ್ಲೇ ಐದರವರೆಗೆ ಎಣಿಸುತ್ತೇನೆ. ನಾಲ್ಕಕ್ಕೆ ಯಾರೋ ಒಬ್ಬರು 'ಹೂವೇ ಬಿಡಲ್ವಲ್ಲ ಇದು' ಅಂದೇ ಅನ್ನುತ್ತಾರೆ.

ಆಗ ಬ್ಲೇಡು ಹೊರಗೆ ಬರುತ್ತದೆ. ಕಾಯಿಯನ್ನು ಎರಡು ಹೋಳು ಮಾಡಿ, ಲೆನ್ಸಿನ ಜೊತೆ ಕೈಯಿಂದ ಕೈಗೆ ದಾಟಿಸುತ್ತೇವೆ. ಒಳಗೋಡೆಗೆ ಒತ್ತೊತ್ತಾಗಿ ಅಂಟಿ ನಿಂತ ನೂರಾರು ಪುಟ್ಟ ಹೂಗಳು. ತುದಿಯಲ್ಲಿ, ಪೊರೆಗಳು ಒಂದರ ಮೇಲೊಂದು ಮುಚ್ಚಿಕೊಂಡ ಕಿಂಡಿ. ಹೆಣ್ಣುಕಣಜ ನುಗ್ಗುವುದು ಅಲ್ಲಿಂದಲೇ. ನುಗ್ಗುವಾಗ ರೆಕ್ಕೆ ಹರಿದುಹೋಗುತ್ತದೆ, ಮತ್ತೆ ಹೊರಗೆ ಬರುವ ಮಾತಿಲ್ಲ. ತಂದ ಪರಾಗವನ್ನು ಹೂಗಳಿಗೆ ಮುಟ್ಟಿಸಿ, ಕೆಲವು ಹೂಗಳಲ್ಲಿ ಮೊಟ್ಟೆಯಿಟ್ಟು ಅಲ್ಲೇ ಸಾಯುತ್ತದೆ. ವಾರಗಳ ನಂತರ ಮೊದಲು ಏಳುವ ಗಂಡುಗಳಿಗೆ ರೆಕ್ಕೆಯೇ ಇಲ್ಲ. ಹೆಣ್ಣುಗಳನ್ನು ಕೂಡಿ, ಗೋಡೆ ಕೊರೆದು ದಾರಿ ಮಾಡಿಕೊಡುವಲ್ಲಿಗೆ ಅವುಗಳ ಆಯಸ್ಸು ಮುಗಿಯಿತು. ಹೆಣ್ಣುಗಳು ಪರಾಗ ಹೊತ್ತು ಆ ತೂತಿನಿಂದ ಹಾರಿಹೋಗುತ್ತವೆ. ಬೇರೆ ಮರ ಹುಡುಕಲು ಅವಕ್ಕೆ ಇರುವುದು ಒಂದೆರಡು ದಿನ. ಅದೃಷ್ಟವಿದ್ದ ದಿನ ನಮ್ಮ ಹೋಳಿನಿಂದಲೇ ಎರಡು ಮಿಲಿಮೀಟರ್ ಆಸುಪಾಸಿನ ಕಣಜವೊಂದು ಎದ್ದು ಯಾರದೋ ಹೆಬ್ಬೆರಳಿನ ಮೇಲೆ ನಡೆಯುತ್ತದೆ. ಆಗ ನಾನು ಬಾಯಿ ಬಿಡುವುದಿಲ್ಲ. ಗೈಡ್‌ನ ಮಾತಿಗೆ ಅಲ್ಲಿ ಕೆಲಸವಿಲ್ಲ.

ಮಕ್ಕಳ ಗುಂಪಿಗೆ ಇದನ್ನೇ ಸಣ್ಣದು ಮಾಡಿ ಹೇಳಿದರೆ ಸಾಕು ಎಂದುಕೊಳ್ಳುವವರಿದ್ದಾರೆ. 1957ರಲ್ಲಿ ಫ್ರೀಮನ್ ಟಿಲ್ಡನ್ ಬರೆದಿಟ್ಟ ನಿರೂಪಣೆಯ ಆರು ತತ್ವಗಳಲ್ಲಿ ಕೊನೆಯದು ಈ ಯೋಚನೆಗೇ ಎದುರು ನಿಲ್ಲುತ್ತದೆ: ಮಕ್ಕಳ ಕಾರ್ಯಕ್ರಮ ದೊಡ್ಡವರದಕ್ಕೆ ನೀರು ಬೆರೆಸಿದ್ದಾಗಬಾರದು, ಅದರ ದಾರಿಯೇ ಬೇರೆ ಇರಬೇಕು. (ಟಿಲ್ಡನ್ ವಿಜ್ಞಾನಿಯಲ್ಲ, ಪತ್ರಿಕೆ, ನಾಟಕಗಳಿಗೆ ಬರೆಯುತ್ತಿದ್ದವರು. ನನ್ನಂಥವರಿಗೆ ಇದೊಂದು ಸಮಾಧಾನ.) ಮಕ್ಕಳು ಬಂದಾಗ ನಾನು ಕಾಗದದ ರೆಕ್ಕೆಗಳನ್ನು ತೆಳು ದಾರದಲ್ಲಿ ಅವರ ಬೆನ್ನಿಗೆ ಕಟ್ಟುತ್ತೇನೆ. ನಾಲ್ಕು ಮಂದಿ ಭುಜಕ್ಕೆ ಭುಜ ಒತ್ತಿ ಕಿಂಡಿಯಾಗುತ್ತಾರೆ, ಒಬ್ಬಳು ಕಣಜವಾಗಿ ನುಗ್ಗಬೇಕು. ರೆಕ್ಕೆ ಹರಿಯುತ್ತದೆ. 'ಈಗ ಹೊರಗೆ ಹೇಗೆ ಹೋಗೋದು?' ಎಂದು ಅವಳೇ ಕೇಳುತ್ತಾಳೆ, ಕಥೆ ಅಲ್ಲಿಂದ ಶುರು.

ಇನ್ನು ನಿಲ್ಲುವ ಜಾಗ. ಬಿಸಿಲಿಗೆ ಮುಖ ಮಾಡಿ ನಾನು ನಿಲ್ಲಬೇಕು, ಬಂದವರ ಬೆನ್ನಿಗೆ ಬಿಸಿಲಿರಬೇಕು. ಕೊನೆಯವರು ಬಂದು ಸೇರುವ ತನಕ ಮುಖ್ಯ ಮಾತು ಎತ್ತಬಾರದು. ಹೇಳಲು ಇಷ್ಟೇ, ಆದರೆ ಇದು ತಪ್ಪಿದರೆ ಎಂಥ ಥೀಮೂ ಕೈಹಿಡಿಯುವುದಿಲ್ಲ.

ಮುಂದಿನ ಕಾರ್ಯಕ್ರಮ ಕಲ್ಲುಹೂವಿನ ಮೇಲೆ. ಶಿಲೀಂಧ್ರವೂ ಪಾಚಿಯೂ ಕೂಡಿ ಬಾಳುವ ಜೀವಿ ಅದು. ಬಂಡೆಗೆ ಹಪ್ಪಳೆಗಟ್ಟಿ ಅಂಟಿದ ಬಗೆಗಳು ವರ್ಷಕ್ಕೆ ಒಂದು ಮಿಲಿಮೀಟರ್ ಬೆಳೆದರೆ ಹೆಚ್ಚು. 'ಈ ಬಂಡೆಯ ಮೇಲೆ ಇಬ್ಬರು ಒಂದೇ ಮೈಯಲ್ಲಿ ಸಂಸಾರ ಮಾಡುತ್ತಿದ್ದಾರೆ' ಎಂಬುದು ಸದ್ಯದ ವಾಕ್ಯ. 'ಸಂಸಾರ' ತುಸು ಜಾಸ್ತಿಯಾಯಿತೇನೋ. ಕೆಂಪು ಪೆನ್ನು ಅದರ ಮೇಲೇ ನಿಂತಿದೆ.