ಇಲ್ಲ, ಅದು ಫೋಟೋ ಅಲ್ಲ

ನಮ್ಮ ನಡುಮನೆಯ ಗೋಡೆಯ ಮೇಲೆ ಒಬ್ಬ ಪಾದ್ರಿ ನಿಂತಿದ್ದಾರೆ. ಮನೆಗೆ ಬಂದವರೆಲ್ಲ ಚಪ್ಪಲಿ ಬಿಟ್ಟು, ನೀರು ಕುಡಿದು, ಕೇಳುವುದು ಒಂದೇ ಪ್ರಶ್ನೆ: "ಪಾದ್ರಿ ಫೋಟೋ ಯಾಕೆ ಹಾಕಿದ್ದೀರಿ?" ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಕೇಳಿದವರಿಗೆ ಇದನ್ನೇ ಓದಿ ಅಂತೀನಿ.

ಅದು ಫೋಟೋ ಅಲ್ಲ. 1723ರಲ್ಲಿ ಕ್ಯಾಮೆರಾ ಎಲ್ಲಿತ್ತು ಸ್ವಾಮಿ? ತಾಮ್ರದ ತಗಡನ್ನು ಕೆತ್ತಿ, ಗೆರೆಗಳಿಗೆ ಮಸಿ ತುಂಬಿ, ಒದ್ದೆ ಕಾಗದ ಇಟ್ಟು ಒತ್ತಿ ತೆಗೆದ ಅಚ್ಚು.

ನಾನು ಯಾವ ಚರ್ಚಿಗೂ ಸೇರಿಲ್ಲ. ಸೇರಿದ್ದರೂ ನಿಮಗೇನು? ಅವರು ಫ್ರಾನ್ಸಿನ ಬಿಷಪ್ ಬೊಸ್ಯುಯೆ. 14ನೇ ಲೂಯಿಯ ಮಗನಿಗೆ ಪಾಠ ಹೇಳಿದವರು, ಮಾತಿನ ಮಲ್ಲ. ರಾಜನಿಗೆ ಅಧಿಕಾರ ಕೊಟ್ಟಿದ್ದು ದೇವರೇ ಅಂತ ವಾದಿಸಿದ ಆಸಾಮಿ. 1685ರಲ್ಲಿ ಲೂಯಿ ಪ್ರಾಟೆಸ್ಟಂಟರ ಸ್ವಾತಂತ್ರ್ಯ ಕಿತ್ತುಕೊಂಡಾಗ ರಾಜನನ್ನು ಹೊಗಳಿದವರು. ಅವರು ಎದುರಿಗೆ ಬಂದರೆ ನಾನು ಕಾಫಿ ಕೂಡ ಕೊಡುವುದಿಲ್ಲ.

ಮತ್ತೆ ಯಾಕೆ ಹಾಕಿದೆ? ಅವರ ಬಟ್ಟೆಗೋಸ್ಕರ.

ಇದನ್ನು ಯಾರೂ ಕೇಳಿರಲಿಲ್ಲ. ಒಂದು ಗಣೇಶನ ಹಬ್ಬಕ್ಕೆ ದೊಡ್ಡಮ್ಮ ಬಂದರು. "ಏನೋ ಇದು, ಗಣಪತಿ ಕೂರಿಸಿರೋ ಮನೇಲಿ ಪಾದ್ರಿ ಫೋಟೋ?" ಅಂತ ಅವರೂ ಶುರು ಮಾಡಿದರು. ನಾನು ಹಲ್ಲು ಕಚ್ಚಿಕೊಂಡೆ. ಆಮೇಲೆ ಕನ್ನಡಕ ಏರಿಸಿ, ಗಾಜಿಗೆ ಮೂಗು ತಾಗುವಷ್ಟು ಹತ್ತಿರ ಹೋದರು. "ಈ ಲೇಸು ಹೇಗೋ ಮಾಡಿದಾರೆ?"

ನಲವತ್ತು ವರ್ಷ ಕ್ರೋಷಾ ಹಾಕಿದ ಕೈ ಅದು. ನಾನು ಕುಣಿಯುವುದೊಂದು ಬಾಕಿ.

ನೋಡಿ, ಕೆತ್ತಿದವನ ಹತ್ತಿರ ಬಿಳಿ ಮಸಿ ಇಲ್ಲ. ಬಿಳಿ ಅಂದರೆ ಉಳಿ ಮುಟ್ಟದೆ ಬಿಟ್ಟ ಜಾಗ. ಲೇಸಿನ ದಾರ ಅವನು ಕೆತ್ತಿದ್ದಲ್ಲ, ದಾರದ ಸುತ್ತ ಇರುವ ನೆರಳನ್ನು ಕೆತ್ತಿದ್ದು. ಹೂವಿನ ಒಂದೊಂದು ತೂತಿಗೂ ಕೂದಲಿನಂಥ ಗೆರೆ. ಉಳಿ ಒತ್ತಿದರೆ ಗೆರೆ ದಪ್ಪ, ಸಡಿಲ ಬಿಟ್ಟರೆ ಸಣ್ಣ. ಬಾಗಿದ ಗೆರೆ ಬಂದಾಗ ಕೈ ತಿರುಗುವುದಿಲ್ಲ, ಚರ್ಮದ ದಿಂಬಿನ ಮೇಲಿಟ್ಟ ತಗಡೇ ತಿರುಗುತ್ತದೆ. ತಪ್ಪಿದರೆ ರಬ್ಬರ್ ಇಲ್ಲ. ಹೆರೆದು, ತಗಡಿನ ಹಿಂದಿನಿಂದ ತಟ್ಟಿ ಸಮ ಮಾಡಬೇಕು. ನಮ್ಮ ತಾಮ್ರಶಾಸನ ಕೆತ್ತಿದವರು ತಗಡನ್ನೇ ಓದಲಿ ಅಂತ ಕೆತ್ತಿದರು. ಇಲ್ಲಿ ತಗಡು ಇರುವುದು ಬರೀ ಕಾಗದಕ್ಕೆ ಒತ್ತುವುದಕ್ಕೆ, ಹಾಗಾಗಿ ಅದರಲ್ಲಿ ಎಲ್ಲವನ್ನೂ ಉಲ್ಟಾ ಕೆತ್ತಬೇಕು, ಕೆಳಗಿನ ಅಕ್ಷರ ಕೂಡ.

ಇಷ್ಟು ಮಾಡಿದ ಪಿಯೆರ್ ಆಂಬೆರ್ ದ್ರೆವೆಗೆ ಆಗ ಇಪ್ಪತ್ತಾರರ ಆಸುಪಾಸು. ಅಪ್ಪನದೂ ಅದೇ ಕಸುಬು. ಬಿಷಪ್ ತೀರಿಕೊಂಡಾಗ ಈ ಹುಡುಗನಿಗೆ ಏಳು ತುಂಬಿರಲಿಲ್ಲ. ಅವನ ಮುಂದೆ ಇದ್ದದ್ದು ರಿಗೋ ಅನ್ನುವ ಚಿತ್ರಕಾರ ಬರೆದಿದ್ದ ಆಳೆತ್ತರದ ಬಣ್ಣದ ಚಿತ್ರ. ಈಗ ಅದು ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಮ್ಮಿನಲ್ಲಿದೆ. ಅದರ ರೇಷ್ಮೆ, ತುಪ್ಪಳ, ಲೇಸು ಎಲ್ಲವನ್ನೂ ಬರೀ ಕಪ್ಪು ಗೆರೆಯಲ್ಲಿ ಒಂದೂವರೆ ಅಡಿಗಿಂತ ಸ್ವಲ್ಪ ಜಾಸ್ತಿ ಎತ್ತರಕ್ಕೆ ಇಳಿಸಿದ. ನನ್ನ ಹತ್ತಿರ ಇರುವುದು ತಗಡು ಸವೆದ ಮೇಲೆ ತೆಗೆದ ಅಗ್ಗದ ಅಚ್ಚು. ಅದರಲ್ಲೇ ಇಷ್ಟು ಕಾಣುತ್ತದೆ.

ದೊಡ್ಡಮ್ಮ ಅರ್ಧಕ್ಕೇ ನನ್ನ ಮಾತು ನಿಲ್ಲಿಸಿದರು. "ಪುರಾಣ ಸಾಕು. ಈ ಅಂಚು ತಟ್ಟೆ ಮೇಲಿನ ಮುಸುಕಿಗೆ ಚೆನ್ನಾಗಿರುತ್ತೆ. ಜೆರಾಕ್ಸ್ ಮಾಡಿಸಿಕೊಡು."

ಕಟ್ಟು ಬಿಚ್ಚಿ, ಅಂಗಡಿಗೆ ಒಯ್ದೆ. ಲೇಸು ಇದ್ದ ಜಾಗದಲ್ಲಿ ಬೂದು ಮುದ್ದೆ ಬಂತು. ಅಂಗಡಿಯ ಹುಡುಗ ಇನ್ನೊಂದು ಸಲ ಗಾಢ ಮಾಡಿ ತೆಗೆದ. ಕಪ್ಪು ಮುದ್ದೆ ಬಂತು. "ಒರಿಜಿನಲ್ ಫೋಟೋ ಕ್ಲಿಯರ್ ಇಲ್ಲ ಸಾರ್" ಅಂದ.

ಕೊನೆಗೆ ದೊಡ್ಡಮ್ಮನೇ ಭೂತಗನ್ನಡಿ ಹಿಡಿದು, ನೋಟ್‌ಬುಕ್ಕಿನ ಚೌಕುಳಿ ಹಾಳೆಯಲ್ಲಿ ಹೂವು ಎಣಿಸಿ ಬರೆದುಕೊಂಡರು. ಒಂದು ಅಂಗೈ ಅಗಲಕ್ಕೆ ಮಧ್ಯಾಹ್ನ ಪೂರ್ತಿ ಹಿಡಿಯಿತು.