ಕೇಸ್ ಶೀಟಿನ ‘ತಳಿ’ ಕಲಂ: ಪಶುವೈದ್ಯಕೀಯ ವೃತ್ತಿಯಲ್ಲಿ ನಾನು ಕಲಿತದ್ದು

ನಾಯಿಯೊಂದನ್ನು ಮೊದಲ ಬಾರಿ ಕ್ಲಿನಿಕ್ಕಿಗೆ ಕರೆತಂದಾಗ ತುಂಬುವ ಕೇಸ್ ಶೀಟಿನಲ್ಲಿ ಹೆಸರು, ವಯಸ್ಸು, ತೂಕ, ಲಸಿಕೆಯ ವಿವರಗಳ ನಡುವೆ ‘ತಳಿ’ ಎಂಬ ಒಂದು ಕಲಂ ಇರುತ್ತದೆ. ಹೆಚ್ಚಿನವರು ಅದನ್ನು ಗುರುತಿಗಾಗಿ ಮಾತ್ರ ಬರೆಸುತ್ತಾರೆ. ಬೆಂಗಳೂರಿನಲ್ಲಿ ಸಾಕುಪ್ರಾಣಿಗಳ ವೈದ್ಯೆಯಾಗಿ ಕೆಲಸ ಮಾಡುತ್ತ ನಾನು ಕಂಡುಕೊಂಡದ್ದೇನೆಂದರೆ, ಆ ನಾಯಿಯ ಪೂರ್ವಿಕರು ಯಾವ ಹವೆಯಲ್ಲಿ, ಯಾರ ಬಳಿ, ಯಾವ ಕೆಲಸ ಮಾಡಿಕೊಂಡು ಬಂದವರು ಎಂಬುದನ್ನು ಆ ಒಂದು ಕಲಂ ತಿಳಿಸುತ್ತದೆ. ‘ಎಷ್ಟು ತಿಂದರೂ ಸಾಲದು’, ‘ಮೈ ತುಂಬಿಕೊಳ್ಳುವುದಿಲ್ಲ’, ‘ಬೊಗಳುವುದನ್ನು ನಿಲ್ಲಿಸುವುದಿಲ್ಲ’ ಎಂದು ಮನೆಯವರು ಹೇಳಿಕೊಳ್ಳುವ ದೂರುಗಳಲ್ಲಿ ಬಹಳಷ್ಟು ಕಾಯಿಲೆಗಳಲ್ಲ. ಕೆಲಸ ತಪ್ಪಿಹೋದ ಮೇಲೂ ದೇಹದಲ್ಲಿ ಉಳಿದುಕೊಂಡಿರುವ ಹಳೆಯ ಕಸುಬಿನ ಗುಣಗಳು. ಈ ವೃತ್ತಿಗೆ ಹೊಸದಾಗಿ ಬರುವವರಿಗೂ, ಮರಿ ತರಬೇಕೆಂದಿರುವ ಮನೆಗಳಿಗೂ ಇದು ಉಪಯೋಗಕ್ಕೆ ಬರಬಹುದೆಂದು ಬರೆಯುತ್ತಿದ್ದೇನೆ.

ನಾಯಿ ಮನುಷ್ಯನ ಸಂಗ ಹಿಡಿದು ಹದಿನಾಲ್ಕು ಸಾವಿರ ವರ್ಷಗಳಿಗೂ ಹೆಚ್ಚಾಯಿತು. ಜರ್ಮನಿಯ ಬಾನ್-ಓಬರ್‌ಕಾಸೆಲ್‌ನಲ್ಲಿ ಮನುಷ್ಯರ ಜೊತೆಗೇ ಹೂಳಿದ್ದ ನಾಯಿಯ ಅವಶೇಷ ಅಷ್ಟು ಹಳೆಯದು. ಆದರೆ ಇಂದು ಹೆಸರು ಹೊತ್ತು ನಮ್ಮೆದುರು ಬರುವ ತಳಿಗಳಲ್ಲಿ ಹೆಚ್ಚಿನವು ಈಗಿನ ರೂಪಕ್ಕೆ ಬಂದದ್ದು ಕಳೆದ ಇನ್ನೂರು ವರ್ಷಗಳಲ್ಲಿ. ಲಂಡನ್ನಿನಲ್ಲಿ 1873ರಲ್ಲಿ ಕೆನೆಲ್ ಕ್ಲಬ್ ಸ್ಥಾಪನೆಯಾದ ಮೇಲೆ ಪ್ರತಿ ತಳಿಗೂ ವಂಶಾವಳಿಯ ದಾಖಲೆ, ಎತ್ತರ, ಬಣ್ಣ, ಕಿವಿ, ಬಾಲಗಳ ಮಾನದಂಡ ಎಲ್ಲವೂ ಗಟ್ಟಿಯಾದವು. ಅಲ್ಲಿಯವರೆಗೆ ಕೆಲಸ ಚೆನ್ನಾಗಿ ಮಾಡುವ ನಾಯಿಯನ್ನು ಕೆಲಸ ಚೆನ್ನಾಗಿ ಮಾಡುವ ನಾಯಿಯೊಂದಿಗೆ ಕೂಡಿಸುತ್ತಿದ್ದವರು, ಆಮೇಲೆ ದಾಖಲೆಯಲ್ಲಿರುವ ನಾಯಿಯನ್ನು ದಾಖಲೆಯಲ್ಲಿರುವ ನಾಯಿಯೊಂದಿಗೇ ಕೂಡಿಸತೊಡಗಿದರು. ಒಳಸಂಬಂಧ ಹೆಚ್ಚಿತು, ಗುಣಗಳ ಜೊತೆಯಲ್ಲೇ ದೋಷಗಳೂ ತಳಿಯೊಳಗೆ ನೆಲೆಯೂರಿದವು. ಡಾಲ್ಮೇಷಿಯನ್ ನಾಯಿಯ ಮೂತ್ರಕೋಶದಲ್ಲಿ ಯೂರಿಕ್ ಆಮ್ಲದ ಕಲ್ಲು, ಡೋಬರ್‌ಮನ್‌ನ ಹೃದಯದ ಸ್ನಾಯು ದುರ್ಬಲವಾಗುವ ರೋಗ, ಜರ್ಮನ್ ಶೆಫರ್ಡ್‌ನ ಸೊಂಟದ ಕೀಲಿನ ದೋಷ ಇವೆಲ್ಲ ಹಾಗೆ ಬಂದ ಬಳುವಳಿಗಳು.

ಬೆಂಗಳೂರಿನ ಮನೆಗಳಲ್ಲಿ ಬಹಳ ಕಾಣುವ ಲ್ಯಾಬ್ರಡಾರ್ ಅನ್ನೇ ನೋಡೋಣ. ಕೆನಡಾದ ಪೂರ್ವ ತುದಿಯಲ್ಲಿರುವ ನ್ಯೂಫೌಂಡ್‌ಲ್ಯಾಂಡ್ ದ್ವೀಪದ ಮೀನುಗಾರರು ಸಾಕುತ್ತಿದ್ದ ಸೇಂಟ್ ಜಾನ್ಸ್ ವಾಟರ್ ಡಾಗ್ ಇದರ ಮೂಲ. ಬಲೆಯಿಂದ ಜಾರಿದ ಮೀನು ಹಿಡಿಯುವುದು, ತಣ್ಣನೆಯ ನೀರಿನಲ್ಲಿ ಹಗ್ಗ ಎಳೆದು ತರುವುದು ಅದರ ಕೆಲಸವಾಗಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಆ ನಾಯಿಗಳನ್ನು ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡಿಗೆ ತರಿಸಿಕೊಂಡ ಮಾಮ್ಸ್‌ಬರಿಯ ಅರ್ಲ್ ಮತ್ತು ಬಕ್ಲೂ ಡ್ಯೂಕ್ ಮನೆತನಗಳವರು ಬೇಟೆಯಲ್ಲಿ ಬಿದ್ದ ಹಕ್ಕಿಯನ್ನು ಹಲ್ಲು ತಾಗಿಸದೆ ತಂದುಕೊಡುವ ನಾಯಿಯಾಗಿ ಅದನ್ನು ಬೆಳೆಸಿದರು. 1903ರಲ್ಲಿ ಕೆನೆಲ್ ಕ್ಲಬ್ ಇದನ್ನು ಪ್ರತ್ಯೇಕ ತಳಿಯೆಂದು ಮಾನ್ಯ ಮಾಡಿತು. ಬೆರಳುಗಳ ನಡುವಿನ ಪೊರೆ, ನೀರು ಒಳಗಿಳಿಯದ ಎರಡು ಪದರದ ಕೂದಲು, ಈಜುವಾಗ ಚುಕ್ಕಾಣಿಯಾಗಿ ಒದಗುವ ದಪ್ಪ ಬುಡದ ಬಾಲ ಎಲ್ಲವೂ ಆ ಕೆಲಸದ ಗುರುತುಗಳು.

ಅಂಥ ನಾಯಿ ಮೂರನೆಯ ಮಹಡಿಯ ಫ್ಲ್ಯಾಟಿನಲ್ಲಿ ಬೆಳೆದು, ಮನೆಯವರ ಜೊತೆ ಮೊಸರನ್ನವನ್ನೂ ಚಹಾದ ಹೊತ್ತಿಗೆ ಬಿಸ್ಕತ್ತನ್ನೂ ತಿಂದು, ನಾಲ್ಕನೆಯ ವಯಸ್ಸಿಗೆ ಮೆಟ್ಟಿಲು ಹತ್ತಲಾರದ ಸ್ಥಿತಿಗೆ ಬರುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ‘ಹಸಿದಿದ್ದೇನೆ ಎಂದು ಕಣ್ಣಲ್ಲೇ ಕೇಳುತ್ತದೆ, ಹೇಗೆ ಕೊಡದೆ ಇರುವುದು ಡಾಕ್ಟ್ರೇ?’ ಎನ್ನುವ ಮನೆಯವರ ಮಾತು ಸುಳ್ಳಲ್ಲ. 2016ರಲ್ಲಿ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಸಂಶೋಧಕರು ಪಿಒಎಂಸಿ ಎಂಬ ಜೀನಿನ ಒಂದು ತುಣುಕು ಸುಮಾರು ನಾಲ್ಕರಲ್ಲಿ ಒಂದು ಲ್ಯಾಬ್ರಡಾರ್‌ನಲ್ಲಿ ಕಳೆದುಹೋಗಿರುವುದನ್ನೂ, ಅಂಥ ನಾಯಿಗಳಲ್ಲಿ ತೂಕವೂ ತಿನ್ನುವ ಆಸೆಯೂ ಹೆಚ್ಚಿರುವುದನ್ನೂ ತೋರಿಸಿದರು. ಹೊಟ್ಟೆ ತುಂಬಿದೆ ಎಂದು ಮಿದುಳಿಗೆ ತಿಳಿಸುವ ದಾರಿಯಲ್ಲೇ ಕೊರತೆ ಇರುವಾಗ ನಾಯಿಯನ್ನು ಹೊಟ್ಟೆಬಾಕ ಎಂದು ಬೈಯುವುದೂ ತಪ್ಪು, ಮನೆಯವರನ್ನು ಶಿಸ್ತಿಲ್ಲದವರೆಂದು ಗದರುವುದೂ ತಪ್ಪು. ಇದನ್ನು ವಿವರಿಸಿದ ಮೇಲೆ ಅಳತೆಯ ಬಟ್ಟಲು ಇಟ್ಟುಕೊಳ್ಳುವುದಕ್ಕೂ, ಬಿಸ್ಕತ್ತಿನ ಬದಲು ಸೌತೆಕಾಯಿ ಇಲ್ಲವೇ ಕ್ಯಾರೆಟ್ ತುಂಡು ಕೊಡುವುದಕ್ಕೂ ಮನೆಯವರು ಒಪ್ಪುತ್ತಾರೆ. ಬರೀ ‘ತೂಕ ಇಳಿಸಿ’ ಎಂದು ಚೀಟಿಯಲ್ಲಿ ಬರೆದುಕೊಟ್ಟಾಗ ಆ ಬದಲಾವಣೆ ಆಗುವುದಿಲ್ಲ.

ಇದಕ್ಕೆ ನೇರ ವಿರುದ್ಧವಾದ ದೂರು ಬರುವುದು ನಮ್ಮದೇ ನಾಡಿನ ಮುಧೋಳ ನಾಯಿಯ ವಿಷಯದಲ್ಲಿ. ‘ಎಷ್ಟು ಹಾಕಿದರೂ ಮೈಗೆ ಹತ್ತುವುದೇ ಇಲ್ಲ ಮೇಡಂ, ಬೀದಿಯಲ್ಲಿ ನೋಡಿದವರೆಲ್ಲ ನಾವು ಊಟ ಹಾಕುವುದಿಲ್ಲ ಅನ್ನುತ್ತಾರೆ’ ಎಂದು ಸಂಕೋಚದಿಂದ ಹೇಳಿಕೊಳ್ಳುವ ಮನೆಗಳಿವೆ. ಬಾಗಲಕೋಟೆ ಜಿಲ್ಲೆಯ ಮುಧೋಳ ಸಂಸ್ಥಾನದ ಘೋರ್ಪಡೆ ಅರಸರು, ಅದರಲ್ಲೂ ಮಾಲೋಜಿರಾವ್ ಘೋರ್ಪಡೆಯವರು, ಸುತ್ತಲಿನ ಬೇಟೆಗಾರ ಸಮುದಾಯಗಳವರ ಬಳಿಯಿದ್ದ ಈ ನಾಯಿಗಳ ಓಟವನ್ನು ಮೆಚ್ಚಿ ತಳಿಯನ್ನು ಪೋಷಿಸಿದರು. ಇಂಗ್ಲೆಂಡಿನ ದೊರೆ ಐದನೆಯ ಜಾರ್ಜ್‌ಗೆ ಇವನ್ನು ಉಡುಗೊರೆಯಾಗಿಯೂ ಕೊಟ್ಟರು. ಮಧ್ಯ ಏಷ್ಯಾ ಮತ್ತು ಪರ್ಷಿಯಾ ಕಡೆಯಿಂದ ದಖ್ಖನ್‌ಗೆ ಬಂದ ಬೇಟೆನಾಯಿಗಳ ರಕ್ತ ಇದರಲ್ಲಿದೆ ಎಂಬುದು ಸಾಮಾನ್ಯವಾಗಿ ಒಪ್ಪಿರುವ ಅಭಿಪ್ರಾಯ. 2005ರಲ್ಲಿ ಭಾರತೀಯ ಅಂಚೆ ಇಲಾಖೆ ಹೊರತಂದ ನಾಲ್ಕು ದೇಶಿ ತಳಿಗಳ ಅಂಚೆಚೀಟಿಗಳಲ್ಲಿ ಮುಧೋಳವೂ ಒಂದು. ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ, ಮತ್ತು 2016ರಲ್ಲಿ ಭಾರತೀಯ ಸೇನೆ ಈ ತಳಿಯ ಮರಿಗಳನ್ನು ತರಬೇತಿಗಾಗಿ ಮೀರತ್‌ಗೆ ಕರೆದೊಯ್ದಿತು.

ಮುಧೋಳ ನಾಯಿ ಮೂಗಿಗಿಂತ ಕಣ್ಣನ್ನು ನಂಬಿ, ಬಯಲಿನಲ್ಲಿ ಮೊಲದ ಬೆನ್ನು ಹತ್ತುವ ನಾಯಿ. ಆಳವಾದ ಎದೆ, ಒಳಕ್ಕೆ ಸೇರಿದ ಹೊಟ್ಟೆ, ಕಡಿಮೆ ಕೊಬ್ಬು, ಉದ್ದ ಕಾಲು ಇಲ್ಲದಿದ್ದರೆ ಅದು ಆ ನಾಯಿಯೇ ಅಲ್ಲ. ಪಕ್ಕೆಲುಬುಗಳು ಕೊನೆಯಲ್ಲಿ ತುಸು ಕಾಣುವುದು ಅದರ ಆರೋಗ್ಯದ ರೂಪ. ಇದನ್ನು ಮನೆಯವರಿಗೆ ಹೇಳುವಾಗ ನಾನು ತೂಕದ ಅಂಕಿಯನ್ನಷ್ಟೇ ತೋರಿಸಿ ಬಿಡುವುದಿಲ್ಲ; ಬೆನ್ನಿನ ಮತ್ತು ತೊಡೆಯ ಸ್ನಾಯುಗಳನ್ನು ಅವರ ಕೈಯಿಂದಲೇ ಮುಟ್ಟಿಸುತ್ತೇನೆ. ಉಪವಾಸ ಬಿದ್ದ ನಾಯಿಯಲ್ಲಿ ಆ ಸ್ನಾಯು ಕರಗಿರುತ್ತದೆ, ಆರೋಗ್ಯವಂತ ಮುಧೋಳದಲ್ಲಿ ಗಟ್ಟಿಯಾಗಿ ಕೈಗೆ ಸಿಗುತ್ತದೆ. ಮುಟ್ಟಿ ನೋಡಿದವರಿಗೆ ಮತ್ತೆ ಅನುಮಾನ ಬರುವುದಿಲ್ಲ.

ವೈದ್ಯರಾದವರು ಇಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಯೋಚಿಸಬೇಕು. ಕೊಬ್ಬಿನಲ್ಲಿ ಕರಗುವ ಕೆಲವು ಅರಿವಳಿಕೆ ಔಷಧಗಳು ರಕ್ತದಿಂದ ಕೊಬ್ಬಿಗೆ ಸರಿದಾಗ ನಾಯಿ ಎಚ್ಚರಗೊಳ್ಳುತ್ತದೆ. ಸರಿಯಲು ಕೊಬ್ಬೇ ಇಲ್ಲದಿದ್ದರೆ ಔಷಧ ರಕ್ತದಲ್ಲೇ ಉಳಿಯುತ್ತದೆ. ಗ್ರೇಹೌಂಡ್ ನಾಯಿಗಳಲ್ಲಿ ಯಕೃತ್ತು ಕೂಡ ಇಂಥ ಔಷಧವನ್ನು ನಿಧಾನವಾಗಿ ಒಡೆಯುವುದರಿಂದ ಥಯೋಪೆಂಟೋನ್ ಕೊಟ್ಟಾಗ ಎಚ್ಚರವಾಗಲು ಬಹಳ ಹೊತ್ತು ಹಿಡಿಯುವುದು ಚೆನ್ನಾಗಿ ದಾಖಲಾಗಿದೆ. ಅದೇ ಮೈಕಟ್ಟಿನ ಮುಧೋಳಕ್ಕೂ ನಾನು ಅದೇ ಎಚ್ಚರಿಕೆ ವಹಿಸುತ್ತೇನೆ: ಔಷಧದ ಆಯ್ಕೆ ಬೇರೆ, ಪ್ರಮಾಣ ಹಂತ ಹಂತವಾಗಿ, ಮತ್ತು ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಬೆಚ್ಚಗಿಡುವ ಹಾಸು ಖಂಡಿತ ಬೇಕು, ಏಕೆಂದರೆ ಆ ತೆಳ್ಳನೆಯ ಮೈ ಬೇಗ ತಣ್ಣಗಾಗುತ್ತದೆ.

ಔಷಧದ ವಿಷಯದಲ್ಲಿ ತಳಿ ತಿಳಿಯದಿದ್ದರೆ ಪ್ರಾಣಕ್ಕೇ ಕುತ್ತು ಬರುವ ಉದಾಹರಣೆ ಕೋಲಿ. ಸ್ಕಾಟ್ಲೆಂಡಿನ ಕುರಿಗಾಹಿಗಳ ಈ ನಾಯಿಗಳಲ್ಲಿ ಹಲವಕ್ಕೆ ಎಂಡಿಆರ್1 ಎಂಬ ಜೀನಿನಲ್ಲಿ ದೋಷವಿದ್ದು, ಮಿದುಳಿಗೆ ಔಷಧ ನುಗ್ಗದಂತೆ ತಡೆಯುವ ವ್ಯವಸ್ಥೆ ಕೆಲಸ ಮಾಡುವುದಿಲ್ಲ. ಕಜ್ಜಿಗೆಂದು ಹೆಚ್ಚು ಪ್ರಮಾಣದಲ್ಲಿ ಕೊಡುವ ಐವರ್‌ಮೆಕ್ಟಿನ್ ಅಂಥ ನಾಯಿಯನ್ನು ತೂರಾಡಿಸಿ, ಕುರುಡಾಗಿಸಿ, ಪ್ರಜ್ಞೆ ತಪ್ಪಿಸಬಲ್ಲದು. ಯಾರೋ ಹೇಳಿದರೆಂದು ಮೆಡಿಕಲ್ ಶಾಪಿನಿಂದ ಆ ಔಷಧ ತಂದು ಹಾಕುವ ಅಭ್ಯಾಸ ನಮ್ಮ ನಗರದಲ್ಲಿ ನಿಲ್ಲಬೇಕೆಂದು ನಾನು ಕೈಮುಗಿದು ಕೇಳುತ್ತೇನೆ.

ಬೀಗಲ್ ನಾಯಿಯನ್ನು ಕರೆತರುವವರು ಹೆಚ್ಚಾಗಿ ಕಾಯಿಲೆಯ ದೂರು ತರುವುದಿಲ್ಲ, ಅಪಾರ್ಟ್‌ಮೆಂಟ್ ಸಂಘದ ನೋಟಿಸು ತರುತ್ತಾರೆ. ಇಂಗ್ಲೆಂಡಿನಲ್ಲಿ ಗುಂಪು ಗುಂಪಾಗಿ ಮೊಲದ ವಾಸನೆ ಹಿಡಿದು ಹೋಗುತ್ತಿದ್ದ ನಾಯಿ ಇದು. ಹಿಂದೆ ನಡೆದು ಬರುವ ಬೇಟೆಗಾರನಿಗೆ ತಾನೆಲ್ಲಿದ್ದೇನೆಂದು ತಿಳಿಸಲು ಕೂಗಬೇಕಿತ್ತು. ದೂರಕ್ಕೆ ಕೇಳುವ ಆ ರಾಗದ ಕೂಗು ಇದ್ದ ನಾಯಿಗಳನ್ನೇ ಆರಿಸಿ ಬೆಳೆಸಿದರು. ಅದನ್ನು ಬೈದು, ಬಾಯಿಗೆ ಪಟ್ಟಿ ಕಟ್ಟಿ ನಿಲ್ಲಿಸಲು ಹೋಗುವುದು ಕ್ರೌರ್ಯವೂ ಹೌದು, ಪ್ರಯೋಜನವೂ ಇಲ್ಲ. ಮೂಗಿಗೆ ಕೆಲಸ ಕೊಟ್ಟರೆ ಬಾಯಿ ತಗ್ಗುತ್ತದೆ. ಬೆಳಗಿನ ಊಟವನ್ನು ತಟ್ಟೆಗೆ ಸುರಿಯದೆ ಹಳೆಯ ಟವೆಲ್ಲಿನ ಮಡಿಕೆಗಳಲ್ಲಿ, ರಟ್ಟಿನ ಡಬ್ಬಿಗಳಲ್ಲಿ, ಬಾಲ್ಕನಿಯ ಕುಂಡಗಳ ಹಿಂದೆ ಬಚ್ಚಿಟ್ಟು ಹುಡುಕಿಸಿ; ನಡೆದಾಡಿಸುವಾಗ ಅವಸರಿಸದೆ ಅದು ಮೂಸಿ ನೋಡುವಷ್ಟು ಹೊತ್ತು ನಿಲ್ಲಿ ಎಂದು ಹೇಳುತ್ತೇನೆ. ಅರ್ಧ ಗಂಟೆ ಮೂಸಿದ ಬೀಗಲ್, ಒಂದು ಗಂಟೆ ಓಡಿದ ಬೀಗಲ್‌ಗಿಂತ ಶಾಂತವಾಗಿ ಮಲಗುವುದನ್ನು ಹಲವು ಮನೆಗಳವರು ನನಗೆ ಬಂದು ತಿಳಿಸಿದ್ದಾರೆ.

ಉಳಿದ ಕೆಲವನ್ನು ಬೇಗ ಹೇಳಿಬಿಡುತ್ತೇನೆ. ಬಿಲಕ್ಕೆ ನುಗ್ಗಿ ಪ್ರಾಣಿಯನ್ನು ಎದುರಿಸಲು ಜರ್ಮನಿಯಲ್ಲಿ ಬೆಳೆಸಿದ ಡ್ಯಾಶ್‌ಹಂಡ್‌ನ ಗಿಡ್ಡ ಕಾಲಿಗೆ ಕಾರಣವಾದ ಜೀನ್ ಬದಲಾವಣೆಯ ನಂಟು ಬೆನ್ನುಮೂಳೆಗಳ ನಡುವಿನ ಡಿಸ್ಕ್ ಬೇಗ ಸವೆಯುವುದಕ್ಕೂ ಇದೆ. ಅದನ್ನು ಸೋಫಾದಿಂದ ಹಾರಲು ಬಿಡಬಾರದು. ಚೀನಾದ ಅರಮನೆಗಳಲ್ಲಿ ಮಡಿಲ ನಾಯಿಯಾಗಿದ್ದ ಪಗ್‌ಗೆ ಮೂಗು ಕುಗ್ಗಿಸಿದರೂ ಒಳಗಿನ ಅಂಗುಳಿನ ಮಾಂಸ ಅಷ್ಟೇ ಉಳಿದಿದೆ, ಆದ್ದರಿಂದ ಏಪ್ರಿಲ್ ಮಧ್ಯಾಹ್ನ ಅದು ಏದುಸಿರು ಬಿಡುವುದು ಮುದ್ದಿನ ಸದ್ದಲ್ಲ. ಸೈಬೀರಿಯಾದ ಚುಕ್ಚಿ ಜನರ ಹಸ್ಕಿ ಹಿಮಬಂಡಿ ಎಳೆದ ನಾಯಿ. 1925ರಲ್ಲಿ ಅಲಾಸ್ಕಾದ ನೋಮ್ ಪಟ್ಟಣಕ್ಕೆ ಡಿಫ್ತೀರಿಯಾ ಔಷಧವನ್ನು ಸಾಗಿಸಿದ ತಂಡಗಳಲ್ಲಿ ಇಂಥ ನಾಯಿಗಳಿದ್ದವು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದ್ದು ತಂಪೆಂದು ಹೆಸರಾದರೂ, 2016ರ ಏಪ್ರಿಲ್‌ನಲ್ಲಿ ಇಲ್ಲಿ 39.2 ಡಿಗ್ರಿ ದಾಖಲಾಗಿದೆ. ಹಸ್ಕಿಯನ್ನು ಈ ಊರಿಗೆ ತರಬೇಡಿ ಎಂಬುದು ನನ್ನ ನೇರ ಅಭಿಪ್ರಾಯ. ಈಗಾಗಲೇ ತಂದಿದ್ದರೆ ಅದರ ಕೂದಲನ್ನು ಬೋಳಿಸಬೇಡಿ, ಏಕೆಂದರೆ ಆ ಪದರ ಬಿಸಿಲನ್ನೂ ತಡೆಯುತ್ತದೆ.

ನಡತೆಯ ವಿಷಯಕ್ಕೆ ಬಂದಾಗ ಮಾತ್ರ ತಳಿಯ ಕಲಂ ಹೇಳುವುದಕ್ಕೆ ಮಿತಿಯಿದೆ. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ರಾಟ್‌ವೈಲರ್ ಸೇರಿದಂತೆ 23 ತಳಿಗಳನ್ನು ಅಪಾಯಕಾರಿಯೆಂದು ಹೆಸರಿಸಿ ಸುತ್ತೋಲೆ ಹೊರಡಿಸಿದಾಗ ಅನೇಕ ಮನೆಗಳವರು ಹೆದರಿ ನಮ್ಮಲ್ಲಿಗೆ ಬಂದರು. ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟ್ ಆ ಸುತ್ತೋಲೆಯನ್ನು ರದ್ದುಪಡಿಸಿತು. ರಾಟ್‌ವೈಲರ್ ಜರ್ಮನಿಯ ರಾಟ್‌ವೈಲ್ ಪಟ್ಟಣದ ಸುತ್ತ ದನ ಹೊಡೆದುಕೊಂಡು ಹೋಗುತ್ತಿದ್ದ, ಕಟುಕರ ಗಾಡಿ ಎಳೆಯುತ್ತಿದ್ದ ನಾಯಿ. ಅದರ ದವಡೆಯ ಬಲ ನಿಜ, ಅದನ್ನು ಚಿಕ್ಕಂದಿನಿಂದಲೇ ಜನರ ನಡುವೆ ಬೆಳೆಸಿ ತಿದ್ದಬೇಕಾದ ಹೊಣೆಯೂ ನಿಜ. ಆದರೆ 2022ರಲ್ಲಿ ಪ್ರಕಟವಾದ, ಹದಿನೆಂಟು ಸಾವಿರಕ್ಕೂ ಹೆಚ್ಚು ನಾಯಿಗಳ ಮಾಹಿತಿ ಆಧರಿಸಿದ ಅಮೆರಿಕದ ಅಧ್ಯಯನ, ನಾಯಿ ನಾಯಿಗೂ ನಡುವೆ ಕಾಣುವ ನಡತೆಯ ವ್ಯತ್ಯಾಸದಲ್ಲಿ ತಳಿಯಿಂದ ವಿವರಿಸಬಹುದಾದದ್ದು ಸುಮಾರು 9 ಶೇಕಡಾ ಮಾತ್ರ ಎಂದು ಕಂಡಿತು. ಎಷ್ಟು ಬೇಗ ಕೆರಳುತ್ತದೆ ಎಂಬುದನ್ನಂತೂ ತಳಿಯಿಂದ ಊಹಿಸುವುದು ಕಷ್ಟ. ಹಾಗಾಗಿ ಮೈಯ ವಿಷಯದಲ್ಲಿ ತಳಿಯನ್ನು ಗಟ್ಟಿಯಾಗಿ ನಂಬುವ ನಾನು, ಸ್ವಭಾವದ ವಿಷಯದಲ್ಲಿ ಎದುರಿಗಿರುವ ನಾಯಿಯನ್ನೇ ನೋಡುತ್ತೇನೆ: ಕಿವಿ ಯಾವ ಕಡೆ ತಿರುಗಿದೆ, ಬಾಲ ಎಷ್ಟು ಬಿಗಿದಿದೆ, ತುಟಿ ನೆಕ್ಕಿಕೊಳ್ಳುತ್ತಿದೆಯೇ, ಮನೆಯವರ ಹಿಂದೆ ಸರಿಯುತ್ತಿದೆಯೇ. ಕಿರಿಯ ಸಹೋದ್ಯೋಗಿಗಳಿಗೂ ಇದನ್ನೇ ಹೇಳಿಕೊಡುತ್ತೇನೆ. ಲ್ಯಾಬ್ರಡಾರ್ ಎಂದು ಮೈಮರೆತು ಕೈಚಾಚಿದವರಿಗೆ ಹಲ್ಲು ತಾಗಿದ್ದುಂಟು, ರಾಟ್‌ವೈಲರ್ ಒಂದು ಇಂಜೆಕ್ಷನ್ನಿಗೆ ನಡುಗಿ ನನ್ನ ತೋಳಿನಡಿ ಮುಖ ಹುದುಗಿಸಿದ್ದುಂಟು.

ಕಲಂನಲ್ಲಿ ‘ನಾಡು’ ಎಂದೋ ‘ಬೀದಿನಾಯಿ’ ಎಂದೋ ಬರೆಸುವಾಗ ಕೆಲವರು ದನಿ ತಗ್ಗಿಸುತ್ತಾರೆ. ತಗ್ಗಿಸಬೇಕಾಗಿಲ್ಲ. ಯಾರ ಮಾನದಂಡಕ್ಕೂ ಒಳಗಾಗದೆ, ಈ ನೆಲದ ಬಿಸಿಲು ಮಳೆಗಳೇ ತಲೆಮಾರುಗಳಿಂದ ಆರಿಸಿಕೊಂಡ ಮೈ ಅದು: ನಡುವಣ ಗಾತ್ರ, ಮೋಟು ಕೂದಲು, ಸಣ್ಣ ಸೊಂಟ, ನೆಟ್ಟಗಿನ ಕಿವಿ, ಉದ್ದ ಮೂತಿ. ಸೊಂಟದ ಕೀಲು, ಉಸಿರಾಟ, ಬೆನ್ನುಹುರಿಗಳ ವಂಶಪಾರಂಪರ್ಯ ತೊಂದರೆಗಳನ್ನು ನಾನು ಅವುಗಳಲ್ಲಿ ಕಾಣುವುದು ಅಪರೂಪ. ಆದರೆ ‘ಬೀದಿಯ ನಾಯಿ ಗಟ್ಟಿ, ಅದಕ್ಕೇನೂ ಆಗುವುದಿಲ್ಲ’ ಎಂಬ ನಂಬಿಕೆಯಿಂದ ಲಸಿಕೆ ಹಾಕಿಸದೆ ಉಳಿದ ಮರಿಗಳು ಪಾರ್ವೋ ಮತ್ತು ಡಿಸ್ಟೆಂಪರ್‌ಗೆ ಬಲಿಯಾಗುತ್ತವೆ, ಉಣ್ಣಿಯಿಂದ ಬರುವ ಜ್ವರವೂ ಅವನ್ನು ಬಿಡುವುದಿಲ್ಲ. ಅವುಗಳ ಲಸಿಕೆಯ ಪಟ್ಟಿ, ಉಣ್ಣಿ ತಡೆಯುವ ಔಷಧ, ವರ್ಷಕ್ಕೊಮ್ಮೆಯ ರಕ್ತಪರೀಕ್ಷೆ ಯಾವುದೇ ದುಬಾರಿ ತಳಿಯ ನಾಯಿಗೆ ಇರುವಷ್ಟೇ ಇರಬೇಕು. ವಂಶಾವಳಿಯ ಮರಿಯನ್ನೇ ಕೊಳ್ಳುವವರು ಹಣ ಕೊಡುವ ಮೊದಲು ತಾಯಿನಾಯಿಯನ್ನು ಅದು ಇರುವ ಜಾಗದಲ್ಲೇ ನೋಡಬೇಕು. ಶೆಫರ್ಡ್ ಮತ್ತು ಲ್ಯಾಬ್ರಡಾರ್ ಆಗಿದ್ದರೆ ತಂದೆತಾಯಿ ಎರಡರ ಸೊಂಟದ ಎಕ್ಸ್‌ರೇ ಕೇಳಬೇಕು. ತೋರಿಸಲು ಹಿಂಜರಿಯುವವರಿಂದ ಮರಿ ತರಬಾರದು.