ಏನೂ ಅನ್ನಿಸದೇ ಇರುತ್ತಾ?

ಇವತ್ತು ರಾಯಚೂರಿನ ತೀನ್ ಕಂದೀಲ್ ಹತ್ತಿರ ಒಗ್ಗರಣಿ, ಮಿರ್ಚಿ ತಿಂತಾ ನಿಂತಿದ್ದೆವು. ಮಾವ ಮೊದಲ ತುತ್ತಿಗೇ ತೀರ್ಪು ಕೊಟ್ಟರು: "ಓಮ ಜಾಸ್ತಿ ಆಗೇತಿ." ಮಿರ್ಚಿ ಸೀಳಿ, ಒಳಗೆ ಅಂಟಿದ್ದ ಕಾಳನ್ನೂ ತೋರಿಸಿದರು. ಆಮೇಲೆ ಚಹಾ, ರಸ್ತೆ, ಎದುರಿನ ಗೋಡೆಯ ಬಣ್ಣ, ಎಲ್ಲದಕ್ಕೂ ಒಂದು ಮಾತು.

ತಮ್ಮನನ್ನು ಕೇಳಿದರೆ, "ನನಗೇನೂ ಅನ್ನಿಸ್ಲಿಲ್ಲ ಮಾವ."

"ಏನೂ ಅನ್ನಿಸದೇ ಇರುತ್ತಾ?" ಮಾವನಿಗೆ ನಿಜಕ್ಕೂ ಆಶ್ಚರ್ಯ.

ಇರುತ್ತೆ. ಕಂಡದ್ದನ್ನೆಲ್ಲ ಒಳ್ಳೇದು, ಕೆಟ್ಟದ್ದು ಅಂತ ತೂಗೋ ಗುಣ ಕೆಲವರಿಗೆ ಜಾಸ್ತಿ, ಕೆಲವರಿಗೆ ಕಡಿಮೆ. ಜಾರ್ವಿಸ್, ಪೆಟ್ಟಿ ಅನ್ನೋ ಮನಶ್ಶಾಸ್ತ್ರಜ್ಞರು 1996ರಲ್ಲೇ ಇದನ್ನು ಅಳೆಯೋಕೆ 16 ಹೇಳಿಕೆಗಳ ಪಟ್ಟಿ ಮಾಡಿದ್ದರು.

ಮಾವನ ಖಡಕ್ ಮಾತು ನನಗಿಷ್ಟ. ಆದರೆ ತಮ್ಮನನ್ನು ಮನೇಲಿ ಯಾರೂ ಏನೂ ಕೇಳಲ್ಲ, ಹೆಣ್ಣು ನೋಡೋಕೆ ಹೋದಾಗಲೂ. ಅದು ಮಾತ್ರ ಸಂಕಟ.